ಚಿತ್ತಾರ ಬರೆಯುವವಳು ಯಾವ ಇಲಾಖೆಗೆ ಸೇರಿದವಳು?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯ ಮಠದ 1162ರ ಶಾಸನವೊಂದಿದೆ. ಮಠದಲ್ಲಿ ವೇದ, ವ್ಯಾಕರಣ, ನಾಟ್ಯಶಾಸ್ತ್ರದ ಪಾಠ ನಡೆಯುತ್ತಿತ್ತೆಂದು ನಮ್ಮ ಭಾಷಣಕಾರರು ಹೆಮ್ಮೆಯಿಂದ ಹೇಳುವುದು ಇದನ್ನು ನೆಚ್ಚಿಯೇ. ಅದೇ ಶಾಸನದಲ್ಲಿ ಅನ್ನ ಯಾರಿಗೆಲ್ಲ ಸಿಗುತ್ತಿತ್ತೆಂಬ ಪಟ್ಟಿಯೂ ಇದೆ. ಅದು ಯಾರ ಭಾಷಣಕ್ಕೂ ಬರುವುದಿಲ್ಲ. ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರ ಜತೆಗೇ ಕಥೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು ಅಲ್ಲಿದ್ದಾರೆ. ಕಲಾವಿದನಿಗೆ ಸನ್ಮಾನಕ್ಕಿಂತ ಮೊದಲು ಊಟ ಬೇಕೆಂಬುದು ಮಠ ನಡೆಸುತ್ತಿದ್ದ ಕಾಳಾಮುಖ ಶೈವ ಯತಿಗಳಿಗೆ ಗೊತ್ತಿತ್ತು.

ಇಂದು ಈ ಪಟ್ಟಿ ಹರಿದು ಹಂಚಿಹೋಗಿದೆ. ಬಳ್ಳಿಗಾವಿಯ ಕೇದಾರೇಶ್ವರ ದೇಗುಲ ಕೇಂದ್ರದ ಪುರಾತತ್ವ ಇಲಾಖೆಗೆ. ಡೊಳ್ಳು ಕುಣಿತ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ. ಸೊರಬದ ಗುಡಿಗಾರರ ಕೆತ್ತನೆ ಕರಕುಶಲ ನಿಗಮದ ಮೂಲಕ ಕೈಗಾರಿಕೆಗೆ, ಅವರಿಗೆ ಬೇಕಾದ ಗಂಧದ ಮರ ಅರಣ್ಯ ಇಲಾಖೆಗೆ. ದೀಪಾವಳಿಯ ಹೋರಿ ಹಬ್ಬವಂತೂ ಪೊಲೀಸರ ಬಂದೋಬಸ್ತಿಗೆ!

ಹಾಗಾದರೆ ಭೂಮಿ ಹುಣ್ಣಿಮೆಯ ಬುಟ್ಟಿ? ಅದು ಯಾರಿಗೂ ಸೇರಿಲ್ಲ. ಸಾಗರ, ಸೊರಬದ ಸೀಮೆಯಲ್ಲಿ ದೀವರ ಹೆಂಗಸರು ಬಿದಿರಿನ ಭೂಮಣ್ಣಿ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ನೆನೆಸಿದ ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಹುಣ್ಣಿಮೆಯ ರಾತ್ರಿಯೆಲ್ಲ ಅಡುಗೆ. ಬೆಳಗಿನ ಜಾವ ಬುಟ್ಟಿ ಗದ್ದೆಗೆ ಹೋಗುತ್ತದೆ, ಬಸುರಿ ಭೂಮಿಗೆ ಬಯಕೆಯ ಊಟವಾಗಿ. ಬರೆದವಳು ಮಾರನೆಯ ದಿನ ಕೂಲಿಗೋ ತೋಟಕ್ಕೋ ಹೋಗುತ್ತಾಳೆ. ಸರ್ಕಾರದ ಲೆಕ್ಕದಲ್ಲಿ ಆಕೆ ಕೃಷಿ ಕಾರ್ಮಿಕಳು, ಇಲ್ಲವೇ ಗೃಹಿಣಿ. ಅದೇ ಚಿತ್ತಾರ ಚೌಕಟ್ಟಿನೊಳಗೆ ಕೂತು ಬೆಂಗಳೂರಿನ ಪ್ರದರ್ಶನಕ್ಕೆ ಬಂದಾಗ ಮಾತ್ರ ಕಲೆಯಾಗುತ್ತದೆ, ಬೆಲೆಯೂ ಬರುತ್ತದೆ.

ಗುಡಿಗಾರರ ಕಷ್ಟ ಬೇರೆ ಬಗೆಯದು. ಅವರಿಗೆ ಹೆಸರಿದೆ, ಮರವಿಲ್ಲ. 2001ರ ಅರಣ್ಯ ಕಾಯ್ದೆ ತಿದ್ದುಪಡಿ ಶ್ರೀಗಂಧವನ್ನು ಬೆಳೆದವನದೇ ಆಸ್ತಿ ಮಾಡಿತು, ನಿಜ. ಆದರೆ ಮರ ಬಲಿಯಲು ದಶಕಗಳೇ ಬೇಕು. ಶಿವನೆ ಮರದಲ್ಲಿ ಗಣಪತಿ ಕೆತ್ತುತ್ತ, ಮದುವೆ ಕಾಲಕ್ಕೆ ಬೆಂಡಿನ ಬಾಸಿಂಗ ಕಟ್ಟುತ್ತ ಉಳಿದವರ ಮಕ್ಕಳು ಉಳಿ ಹಿಡಿಯಬೇಕೆಂದು ಒತ್ತಾಯಿಸುವ ಹಕ್ಕು ನಮಗಾರಿಗೂ ಇಲ್ಲ.

ವಯಸ್ಸಾದ ಕಲಾವಿದರಿಗೆ ಮಾಸಾಶನವಿದೆಯಲ್ಲ ಎನ್ನಬಹುದು. ಇದೆ. ಆದರೆ ಅದು ವೇದಿಕೆಯನ್ನು ನೆನೆದು ಮಾಡಿದ ಯೋಜನೆ. ಕಲಾಸೇವೆಗೆ ದಾಖಲೆ ಕೇಳುತ್ತದೆ. ಡೊಳ್ಳಿನ ತಂಡದ ಯಜಮಾನ ಆಹ್ವಾನ ಪತ್ರಿಕೆ ತೋರಿಸಬಲ್ಲ. ಗೋಡೆಗೆ, ಬುಟ್ಟಿಗೆ ಚಿತ್ತಾರ ಬರೆಯುತ್ತಲೇ ಮುದುಕಿಯಾದವಳು ಏನನ್ನು ತೋರಿಸಬೇಕು? ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವ ಅಂಟಿಗೆ ಪಂಟಿಗೆಯವರಿಗೆ ಪ್ರಮಾಣಪತ್ರ ಬರೆದುಕೊಟ್ಟವರಾರು?

ಆ ಮುದುಕಿ ಚಿತ್ತಾರಗಾತಿಯೆಂದು ಇಡೀ ಊರಿಗೆ ಗೊತ್ತು. ಆ ತಿಳಿವಳಿಕೆಯನ್ನೇ ದಾಖಲೆಯೆಂದು ಒಪ್ಪಬೇಕು: ಗ್ರಾಮಸಭೆ ಹೆಸರು ಸೂಚಿಸಲಿ, ಪಂಚಾಯಿತಿ ಪಟ್ಟಿ ಬರೆಯಲಿ, ಸಂಸ್ಕೃತಿ ಇಲಾಖೆ ಅದನ್ನು ಮಾಸಾಶನಕ್ಕೆ ಆಧಾರ ಮಾಡಿಕೊಳ್ಳಲಿ. ಪಂಚಾಯಿತಿ ಎಂದಮೇಲೆ ರಾಜಕೀಯ ನುಸುಳುತ್ತದೆ, ಸದಸ್ಯರ ಬಂಧುಗಳೆಲ್ಲ ರಾತ್ರೋರಾತ್ರಿ ಜಾನಪದ ಕಲಾವಿದರಾದಾರೆಂಬ ಭಯ ಸುಳ್ಳಲ್ಲ. ಆದರೆ ಊರವರೆದುರು ಓದಿ ಹೇಳುವ ಪಟ್ಟಿಯಲ್ಲಿ ಸುಳ್ಳು ಹೆಸರು ದಕ್ಕಿಸಿಕೊಳ್ಳುವುದು, ಫೋಟೊ ಅಂಟಿಸಿದ ಅರ್ಜಿಯಲ್ಲಿ ದಕ್ಕಿಸಿಕೊಂಡಷ್ಟು ಸುಲಭವಲ್ಲ.