ಚಿಪ್ಸ್ ಕಂದಾದರೆ ಕೈಗುಣ ದೂರಬೇಡಿ

“ಅಕ್ಕಾ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಶಿವರಾತ್ರಿ ಹೊತ್ತಿಗೆ ನಮ್ಮತ್ತೆ ಆಲೂಗಡ್ಡೆ ಚಿಪ್ಸ್ ಕರಿದಿದ್ದರು, ಮಲ್ಲಿಗೆ ಹಾಗೆ ಬೆಳ್ಳಗೆ ಬಂತು. ಆಷಾಢದಲ್ಲಿ ನಾನು ಕರಿದೆ. ಎಲ್ಲ ಕಂದು ಬಣ್ಣ, ಬಾಯಿಗಿಟ್ಟರೆ ಕಹಿ. ‘ಅದಕ್ಕೂ ಕೈಗುಣ ಬೇಕು’ ಅಂತ ಬಂದವರ ಎದುರಿಗೇ ಅಂದುಬಿಟ್ಟರು. ನನ್ನ ತಪ್ಪೇನು?”

ಪತ್ರ ಬರೆದ ಸೋದರಿಗೆ ಮೊದಲು ಒಂದು ಮಾತು. ತಪ್ಪು ನಿಮ್ಮದಲ್ಲಮ್ಮ. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಶಿವರಾತ್ರಿಯ ಗಡ್ಡೆಯೇ ಬೇರೆ, ಆಷಾಢದ ಗಡ್ಡೆಯೇ ಬೇರೆ.

ಚಳಿಗಾಲದಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀರು ಹಾಯಿಸಿ ಬೆಳೆದ ಗಡ್ಡೆ ಶಿವರಾತ್ರಿಯ ಹೊತ್ತಿಗೆ ಹೊಸದಾಗಿ ಸಿಗುತ್ತದೆ. ಹಾಸನದವರು ಮುಂಗಾರಿಗೆ ಮುಂಚೆ, ಮೇ ತಿಂಗಳ ಮಳೆ ನೋಡಿಕೊಂಡು ಬಿತ್ತುತ್ತಾರೆ. ಅದು ಕೈಗೆ ಬರೋದು ಆಗಸ್ಟ್, ಸೆಪ್ಟೆಂಬರ್‌ಗೆ. ನಡುವಿನ ತಿಂಗಳುಗಳಲ್ಲಿ ಅಂಗಡಿಯವ ತೂಗಿ ಕೊಡೋದು ಹೆಚ್ಚಾಗಿ ಆಗ್ರಾ ಕಡೆಯ ಗಡ್ಡೆ. ಫೆಬ್ರವರಿ, ಮಾರ್ಚಿಯಲ್ಲಿ ಕಿತ್ತು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟದ್ದು. ಚಳಿಗೆ ಗಡ್ಡೆಯೊಳಗಿನ ಹಿಟ್ಟು ಸಕ್ಕರೆಯಾಗುತ್ತದೆ. ಆ ಸಕ್ಕರೆ ಕಾದ ಎಣ್ಣೆಗೆ ಬಿದ್ದರೆ ಕಂದಾಗದೆ ಇನ್ನೇನಾದೀತು? ನಿಮ್ಮತ್ತೆಯವರಿಗೂ ಒಮ್ಮೆ ಆಷಾಢದ ಗಡ್ಡೆ ಕೊಟ್ಟು ನೋಡಿ! (ಹೇಳಿದ್ದು ನಾನು ಅನ್ನಬೇಡಿ.)

ಮನೆಯ ಫ್ರಿಜ್ಜಿನಲ್ಲಿಟ್ಟರೂ ಇದೇ ಕಥೆ. ಬುಟ್ಟಿಯಲ್ಲಿ ಹಾಕಿ, ಬೆಳಕು ಬೀಳದ, ಗಾಳಿಯಾಡುವ ಮೂಲೆಯಲ್ಲಿಡಿ. ಈರುಳ್ಳಿಯ ಜೊತೆ ಬೇಡ. ಸಿಹಿಯಾದ ಗಡ್ಡೆಯನ್ನು ಎರಡು ಮೂರು ವಾರ ಹಾಗೆ ಹೊರಗಿಟ್ಟರೆ ಸಿಹಿ ತಕ್ಕಮಟ್ಟಿಗೆ ಇಳಿಯುತ್ತದೆ. ಅಷ್ಟು ದಿನ ಕಾಯಲಾಗದವರು ಬಿಲ್ಲೆಗಳನ್ನು ಎರಡು ಮೂರು ನೀರಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಟ್ಟು ತೆಗೆದು, ಬಟ್ಟೆಯ ಮೇಲೆ ಚೆನ್ನಾಗಿ ಆರಿಸಿ ಕರಿಯಿರಿ. ಉರಿ ಜೋರು ಬೇಡ.

ಇನ್ನು ಜಾತಿಯ ವಿಚಾರ. ಬಟಾಟೆ ಅನ್ನಿ, ಉರುಳಗಡ್ಡೆ ಅನ್ನಿ, ನಾವು ಅಂಗಡಿಯಲ್ಲಿ ಬದನೆಕಾಯಿಗೆ ಊರು ಕೇಳುತ್ತೇವೆ, ಇದಕ್ಕೆ ಮಾತ್ರ “ಒಂದು ಕೆಜಿ ಹಾಕಪ್ಪಾ” ಅಷ್ಟೆ. ಹಾಸನದ ಹೊಲಗಳಲ್ಲಿ ಬಹುಕಾಲದಿಂದ ಬೆಳೆದದ್ದು ಕುಫ್ರಿ ಜ್ಯೋತಿ. ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಕೇಂದ್ರದವರು 1968ರಲ್ಲಿ ಹೊರತಂದ ತಳಿ. ಕುಫ್ರಿ ಅನ್ನೋದು ಶಿಮ್ಲಾ ಪಕ್ಕದ ಊರಿನ ಹೆಸರು. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರುತ್ತದೆ. ಮೊಟ್ಟೆಯಾಕಾರ, ಬಿಳಿ ತಿರುಳು, ಕಣ್ಣು ಆಳವಿಲ್ಲ, ಆದ್ದರಿಂದ ಸಿಪ್ಪೆ ತೆಗೆಯೋದು ಸಲೀಸು. ಪಲ್ಯ, ಹುಳಿ, ಸಾಗು ಎಲ್ಲಕ್ಕೂ ಒಗ್ಗುವ ಸಾಧು ಗಡ್ಡೆ. ಅಂಗಮಾರಿ ರೋಗದ ಕಾಟಕ್ಕೆ ಬೇಸತ್ತು ಅಲ್ಲಿನ ಎಷ್ಟೋ ರೈತರು ಮೆಕ್ಕೆಜೋಳಕ್ಕೂ ಶುಂಠಿಗೂ ತಿರುಗಿಬಿಟ್ಟಿದ್ದಾರೆ. ಹಾಗಾಗಿ ಹಾಸನದ ಗಡ್ಡೆ ಕಂಡರೆ ಬಿಡಬೇಡಿ.

ಹಳದಿ ಮೈಯ ಪುಖರಾಜ್‌ನಲ್ಲಿ ನೀರಿನಂಶ ಹೆಚ್ಚು, ಕರಿಯಲು ಒಳ್ಳೆಯದಲ್ಲ. ಬಿಹಾರದ ಕಡೆ ಕೆಂಪು ಸಿಪ್ಪೆಯ ಸಿಂಧೂರಿ ಇದೆ. ಕಾರ್ಖಾನೆಯ ಚಿಪ್ಸಿಗೆಂದೇ 1998ರಲ್ಲಿ ಚಿಪ್ಸೋನಾ ಅನ್ನೋ ತಳಿ ಬಂತು. ಅದರಲ್ಲಿ ಸಕ್ಕರೆ ಕಡಿಮೆ. ಪೊಟ್ಟಣದ ಚಿಪ್ಸ್ ಬೆಳ್ಳಗಿರುವುದರ ಗುಟ್ಟಿನಲ್ಲಿ ಗಡ್ಡೆಯ ಪಾಲು ದೊಡ್ಡದು.

ಹೆಸರು ಅಂಗಡಿಯವನಿಗೇ ಗೊತ್ತಿರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಬಟ್ಟಲು ಪುಡಿಯುಪ್ಪನ್ನು ಅದೇ ಅಳತೆಯ ಹನ್ನೊಂದು ಬಟ್ಟಲು ನೀರಿನಲ್ಲಿ ಕರಗಿಸಿ, ಗಡ್ಡೆ ಬಿಡಿ. ಮುಳುಗಿದರೆ ಹಿಟ್ಟು ಹೆಚ್ಚು: ಬೋಂಡ, ದೋಸೆ ಪಲ್ಯ, ಕರಿಯುವುದಕ್ಕೆ ಇಟ್ಟುಕೊಳ್ಳಿ. ತೇಲಿದರೆ ಹೋಳು ಒಡೆಯದು: ಸಾಗು, ಹುಳಿಗೆ ಹಾಕಿ. ಹಿಟ್ಟಿನ ಗಡ್ಡೆಯೇ ಸಿಕ್ಕಿ, ಹುಳಿಯಲ್ಲಿ ಕರಗಿಹೋಗುವ ಭಯವಿದ್ದರೆ ಅರ್ಧ ಬೆಂದಾಗಲೇ ಹುಣಿಸೆ ರಸ ಬಿಡಿ, ಹೋಳು ಗಟ್ಟಿಯಾಗಿ ನಿಲ್ಲುತ್ತದೆ. ತೀರ ಮೊದಲೇ ಬಿಟ್ಟರೆ ಬೇಯೋದೇ ಇಲ್ಲ, ಎಚ್ಚರ! ಹಸಿರಾದ ಗಡ್ಡೆ ಮಾತ್ರ ಯಾವುದಕ್ಕೂ ಬೇಡ, ಅದರಲ್ಲಿ ವಿಷದಂಶ ಇರುತ್ತದೆ.

ಹೊಸ ಗಡ್ಡೆಯ ಗುರುತು, ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಏಳಬೇಕು. ಅಂಥದರಲ್ಲಿ ನಿಂಬೆಹಣ್ಣಿಗಿಂತ ಚಿಕ್ಕವನ್ನು ಆರಿಸಿ ಅರ್ಧ ಕೆಜಿ ತನ್ನಿ. ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ಸಮೇತ ಉಪ್ಪು ನೀರಿನಲ್ಲಿ ಬೇಯಿಸಿ, ಪೂರ್ತಿ ಆರಲು ಬಿಡಿ. ಬಿಸಿಯಲ್ಲಿ ಕೈಯಾಡಿಸಿದರೆ ಮುದ್ದೆಯಾಗುತ್ತದೆ. ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ. ಕಬ್ಬಿಣದ ಬಾಣಲೆಯಲ್ಲಿ ನಾಲ್ಕು ಚಮಚ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವು, ಚಿಟಿಕೆ ಅರಿಶಿನ. ಗಡ್ಡೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಟ್ಟುಬಿಡಿ, ಸೌಟು ತಾಗಿಸಬೇಡಿ, ಬಾಣಲೆಯನ್ನೇ ಕುಲುಕಿ. ಮೈ ಕೆಂಪಾದ ಮೇಲೆ ಎರಡು ಚಮಚ ಸಾರಿನ ಪುಡಿ ಉದುರಿಸಿ, ಘಮ ಬಂದ ಕೂಡಲೇ ಒಣಕೊಬ್ಬರಿ ತುರಿ ಬೆರೆಸಿ ಇಳಿಸಿ. ಬಿಸಿ ಅನ್ನ, ತಿಳಿಸಾರಿನ ಜೊತೆ ಬಡಿಸಿ.