ಆಟದ ಪೆಟ್ಟಿಗೆಗೆ ಎಂತಹ ಗಾಜು?

1978ರಲ್ಲಿ ಜಪಾನಿನ ಟೈಟೋ ಸಂಸ್ಥೆಯು ಹೊರತಂದ ‘ಸ್ಪೇಸ್ ಇನ್ವೇಡರ್ಸ್’ ಮೊದಲಾದ ಆರ್ಕೇಡ್ ಆಟಗಳ ಪೆಟ್ಟಿಗೆಗಳನ್ನು ಇಂದು ಹವ್ಯಾಸಿಗಳು ಮನೆಯಲ್ಲಿಯೇ ಕಟ್ಟುವುದುಂಟು. ಮರಗೆಲಸಕ್ಕೆ ವಾರಗಟ್ಟಲೆ ಶ್ರಮಿಸಿ, ಮಾನಿಟರಿನ ಮುಂದಣ ಗಾಜಿಗೆ ಮಾತ್ರ ಕೈಗೆ ಸಿಕ್ಕಿದುದನ್ನೇ ಕೂರಿಸುವುದು ತರವಲ್ಲವೆಂದು ನಾವು ಭಾವಿಸುತ್ತೇವೆ.

ಆಟದ ಭರದಲ್ಲಿ ಮಕ್ಕಳು ಆ ಗಾಜಿನ ಮೇಲೆ ಕೈಯೂರುವರು. ಸಾಧಾರಣ ಗಾಜು ಒಡೆದರೆ ಚೂರಿಯಂತಹ ಸೀಳುಗಳಾಗುವುದು. ಹದಗೊಳಿಸಿದ ಗಾಜನ್ನಾದರೋ 600 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿ, ಗಾಳಿಯ ರಭಸದಿಂದ ಥಟ್ಟನೆ ತಣಿಸಿರುತ್ತಾರೆ. ಅದರ ಹೊರಮೈ ಸದಾ ಒತ್ತಡದಲ್ಲಿರುವುದರಿಂದ ಸುಲಭವಾಗಿ ಒಡೆಯದು; ಒಡೆದರೂ ಮೊಂಡು ಹರಳುಗಳಾಗಿ ಉದುರುವುದು. ಆದರೆ ಹದಗೊಳಿಸಿದ ಬಳಿಕ ಅದನ್ನು ಕತ್ತರಿಸಲು ಬಾರದು. ಅಳತೆಯನ್ನು ಮೊದಲೇ ನಿಶ್ಚಯಿಸಬೇಕು. ಅಕ್ರಿಲಿಕ್ ಹಗುರವಾದರೂ ಬೇಗನೆ ಗೀರು ಬೀಳುವುದು.

ಗಾಜು ತಿಳಿಯಾಗಿದ್ದಷ್ಟೂ ಚಿತ್ರವು ಚೆನ್ನೆಂಬುದು ಭ್ರಮೆ. ಅರ್ಧ ಬೆಳಕನ್ನು ಮಾತ್ರ ಬಿಡುವ ಹೊಗೆಬಣ್ಣದ ಗಾಜನ್ನು ಚಿತ್ರದ ಬೆಳಕು ಒಮ್ಮೆ ದಾಟುವುದು. ಕೋಣೆಯ ಬೆಳಕಾದರೋ ಪರದೆಯನ್ನು ಮುಟ್ಟಿ ಮರಳಲು ಎರಡು ಸಲ ದಾಟಬೇಕು. ಮೊದಲನೆಯದು ಅರ್ಧ ಉಳಿದರೆ ಎರಡನೆಯದು ಕಾಲುಭಾಗವಷ್ಟೇ ಉಳಿಯುವುದು. ಆದುದರಿಂದ ಚಿತ್ರದ ಕಪ್ಪು ಕಪ್ಪಾಗಿಯೇ ಕಾಣುವುದು. ಪರದೆಯ ಸುತ್ತಣ ಸಂದನ್ನು ಮುಚ್ಚುವ ಬೆಜೆಲ್ ಪಟ್ಟಿಯೂ ಹೊಳಪಿಲ್ಲದ ಕಪ್ಪಾಗಿರಲಿ. ಹೊಳೆದರೆ ಅದೇ ಕಣ್ಣನ್ನು ಸೆಳೆಯುವುದು.

ಸುರಕ್ಷತೆಯೂ ಅಂದವೂ ಒಂದೇ ಗಾಜಿನಲ್ಲಿ ದೊರೆಯುವಾಗ ಅಲ್ಪ ಉಳಿತಾಯಕ್ಕಾಗಿ ಎರಡನ್ನೂ ಬಿಡುವುದು ವಿವೇಕವಲ್ಲ.