ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕಾ?

ಕೊರಟಗೆರೆ ಕಡೆ ಹಳ್ಳಿಯಲ್ಲಿ ಚಿಕ್ಕ ಹುಡುಗ ತಾತನ ಮುಖವನ್ನೇ ದಿಟ್ಟಿಸಿ ಮಾತಾಡಿದರೆ "ಏನೋ ಹಂಗೆ ಗುರಾಯಿಸ್ತೀಯಾ?" ಅಂತ ಗದರುವವರು ಇವತ್ತಿಗೂ ಇದ್ದಾರೆ. ಅದೇ ಊರಿನ ಮೂಲದ ಮಗುವಿಗೆ ಬೆಂಗಳೂರಿನಲ್ಲಿ ಆಟಿಸಂ ಅಂತ ಗೊತ್ತಾಯಿತು ಅಂದುಕೊಳ್ಳಿ. ಥೆರಪಿಯ ಗುರಿಪಟ್ಟಿಯಲ್ಲಿ ಇಂಥದ್ದೊಂದು ಸಾಲು ಕಾಣಬಹುದು: "ಹೆಸರು ಕರೆದ ಮೂರು ಸೆಕೆಂಡಿನೊಳಗೆ ಎದುರಿನವರ ಕಣ್ಣು ನೋಡಬೇಕು, ಹತ್ತರಲ್ಲಿ ಎಂಟು ಸಲ." ಅಲ್ಲಿ ಉದ್ಧಟತನ, ಇಲ್ಲಿ ಪ್ರಗತಿ. ಇದನ್ನ ತೀರ್ಮಾನ ಮಾಡಿದ್ದು ಯಾರು ಸ್ವಾಮಿ?

ಎಬಿಎ, ಅಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆ, ಸುಮ್ಮನೆ ತಳ್ಳಿಹಾಕುವ ವಿದ್ಯೆಯಲ್ಲ. ಅದರ ದೊಡ್ಡ ಗುಣವೇ ಅಳತೆಯ ಶಿಸ್ತು. "ಇವನು ಹಠಮಾರಿ" ಅನ್ನೋದು ವರ್ತನೆಯಲ್ಲ, ಬೈಗುಳ. "ನೆಲಕ್ಕೆ ಬಿದ್ದು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಿರುಚುವುದು" ಅನ್ನೋದು ವರ್ತನೆ. ಕಣ್ಣಿಗೆ ಕಾಣುತ್ತೆ, ಎಣಿಸಬಹುದು. ಎಷ್ಟು ಸಲ, ಎಷ್ಟು ಹೊತ್ತು, ಹೇಳಿದ ಎಷ್ಟು ಹೊತ್ತಿಗೆ ಅಂತ ಬರೆದಿಡಬಹುದು. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಕನಿಷ್ಠ ಶೇ 80ರಷ್ಟಾದರೂ ಹೊಂದಿಕೆಯಾಗಬೇಕು ಅನ್ನೋದು ಈ ಕ್ಷೇತ್ರದ ರೂಢಿ. "ಯಾವಾಗಲೂ ಅಳ್ತಾನೆ" ಅನ್ನೋ ಮಗು ಸ್ಕೂಲ್ ಬಸ್ಸಿನ ಹಾರ್ನ್ ಕೇಳಿದಾಗ ಮಾತ್ರ ಅಳುತ್ತದೆ ಅಂತ ತಿಳಿಯೋದು ಹೀಗೆ ಬರೆದಿಟ್ಟಾಗಲೇ. ಹಣೆಪಟ್ಟಿಗಿಂತ ಇದು ಎಷ್ಟೋ ಮೇಲು.

ನನ್ನ ತಕರಾರು ಬೇರೆ. ಸ್ಪಷ್ಟವಾಗಿ ಅಳೆದ ಮಾತ್ರಕ್ಕೆ ಅದು ಅಳೆಯಬೇಕಾದದ್ದೇ ಆಗಿರಬೇಕಿಲ್ಲ.

1974ರಲ್ಲಿ ಅಮೆರಿಕದ ರೇಕರ್ಸ್ ಮತ್ತು ಲೋವಾಸ್ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು ಐದು ವರ್ಷದ ಹುಡುಗ. ಅವನು ಗೊಂಬೆ ಆಡೋದು, ಕೈ ತಿರುಗಿಸೋ ರೀತಿ, ಎಲ್ಲವನ್ನೂ "ಹೆಣ್ಣಿಗತನ" ಅಂತ ವ್ಯಾಖ್ಯಾನಿಸಿ, ಎಣಿಸಿ, ತಿದ್ದಲು ಹೊರಟರು. ತಪ್ಪಿಗೆ ಕೆಂಪು ಟೋಕನ್. ಅದರ ಬೆಲೆಯಲ್ಲಿ ಅಪ್ಪನ ಏಟೂ ಸೇರಿತ್ತು. ವ್ಯಾಖ್ಯಾನವಿತ್ತು, ವೀಕ್ಷಕರಿದ್ದರು, ಗ್ರಾಫ್ ಇತ್ತು. ತಪ್ಪಾಗಿದ್ದು ಗುರಿ ಮಾತ್ರ. ಪ್ರಕಟಿಸಿದ ಪತ್ರಿಕೆಯೇ ಆ ಲೇಖನದ ಬಗ್ಗೆ ಕಳವಳದ ಟಿಪ್ಪಣಿ ಹಾಕಲು 2020 ಬರಬೇಕಾಯಿತು. ಇದೇ ಲೋವಾಸ್ ಹೆಸರು ಆಟಿಸಂ ಥೆರಪಿಯ ಚರಿತ್ರೆಯ ಬುನಾದಿಯಲ್ಲೂ ಇದೆ.

ತಮಾಷೆ ಅಂದರೆ ಈ ಎಚ್ಚರಿಕೆ ಆ ವಿದ್ಯೆಯೊಳಗೇ ಮೊದಲಿಂದ ಇತ್ತು. 1968ರಲ್ಲಿ ಬೇರ್, ವುಲ್ಫ್, ರಿಸ್ಲಿ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದಾಗ, ಆರಿಸಿಕೊಳ್ಳುವ ವರ್ತನೆ ಬದುಕಿಗೆ ಮುಖ್ಯವಾದದ್ದಾಗಿರಬೇಕು ಅಂದರು. ಹತ್ತು ವರ್ಷದ ಮೇಲೆ ವುಲ್ಫ್ ಇನ್ನೂ ಬಿಡಿಸಿ ಹೇಳಿದರು: ಗುರಿ, ವಿಧಾನ, ಫಲಿತಾಂಶ ಮೂರಕ್ಕೂ ಸಮಾಜದ, ಅದನ್ನು ಬಳಸುವವರ ಒಪ್ಪಿಗೆ ಬೇಕು. ನಾವು ಗ್ರಾಫ್ ಇಟ್ಟುಕೊಂಡೆವು, ಆ ಮಾತು ಬಿಟ್ಟೆವು.

ಆಫೀಸಿನಲ್ಲಿ ಇದೆಲ್ಲ ನಮಗೆ ಚೆನ್ನಾಗಿ ಗೊತ್ತು. ಲ್ಯಾಪ್‌ಟಾಪಿನಲ್ಲಿ ಹಸಿರು ಚುಕ್ಕಿ ಉರಿದರೆ ಕೆಲಸ ನಡೀತಿದೆ ಅಂತಲ್ಲ. ಎಷ್ಟು ಟಿಕೆಟ್ ಕ್ಲೋಸ್ ಆಯ್ತು ಅನ್ನೋ ಲೆಕ್ಕ ನೋಡಿ ಮ್ಯಾನೇಜರನ್ನ ಬೈತೀವಿ. ಮನೆಗೆ ಬಂದು ಮಗುವಿನ ಹಸಿರು ಚುಕ್ಕಿಗೆ ತಿಂಗಳು ತಿಂಗಳು ಫೀಸು ಕಟ್ತೀವಿ!

ಇನ್ನು ಭಾಷೆ. "ನೀರು" ಅಂತ ಮಗು ಹೇಳಿದರೆ ಶೂನ್ಯ, "ವಾಟರ್" ಅಂದರೆ ಒಂದು ಅಂಕ. ಲೆಕ್ಕ ಇಂಗ್ಲಿಷಿನಲ್ಲಿದ್ದರೆ ಹೀಗಾಗುತ್ತೆ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಹತ್ತಿರ ನೀರು ಕೇಳಲು ಬಾರದ ಮಗುವಿಗೆ ಶೇ 90 ಅಂಕ ಬಂದು ಏನು ಉಪಯೋಗ? ಅಜ್ಜಿಗೆ ಅರ್ಥವಾಗದ ಯಶಸ್ಸು ಯಾರ ಯಶಸ್ಸು?

"ಎಲ್ಲರ ಥರ ಇರದಿದ್ದರೆ ನಾವು ಹೋದ ಮೇಲೆ ಇವನ ಗತಿ ಏನು?" ಅಂತ ಅಪ್ಪ-ಅಮ್ಮ ಕೇಳ್ತಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಹೇಳ್ತಿರೋದು, ಆ ಭಯಕ್ಕೆ ಉತ್ತರವಾಗುವ ವರ್ತನೆಗಳನ್ನ ಎಣಿಸಿ: ಹೊಟ್ಟೆ ನೋವು ಅಂತ ತೋರಿಸೋದು, ಬೇಡ ಅನ್ನೋದು, ರಸ್ತೆ ದಾಟೋಕೆ ಮುಂಚೆ ನಿಲ್ಲೋದು, ಸಹಾಯ ಕೇಳೋದು. ಮಾತಲ್ಲಾದರೂ ಸರಿ, ಚಿತ್ರದಲ್ಲಾದರೂ ಸರಿ, ಕೈಸನ್ನೆಯಲ್ಲಾದರೂ ಸರಿ. ಯಾರಿಗೂ ತೊಂದರೆ ಕೊಡದೆ ಕೈ ಬೀಸಿ ಖುಷಿಪಡುವ ಮಗುವಿನ ಕೈ ಹಿಡಿದು ನಿಲ್ಲಿಸೋದರಿಂದ ಇವು ಯಾವುದೂ ಬರಲ್ಲ. ಆಟಿಸಂ ಅನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದ 2016ರ ಕಾಯ್ದೆಯೂ ತನ್ನ ಮುನ್ನುಡಿಯಲ್ಲೇ ಭಿನ್ನತೆಗೆ ಗೌರವ ಇರಲಿ ಅನ್ನುತ್ತದೆ.

ಮುಂದಿನ ಮೀಟಿಂಗಿಗೆ ಹೋದಾಗ ಗ್ರಾಫ್ ಏರಿದೆಯಾ ಅಂತ ಆಮೇಲೆ ನೋಡಿ. ಮೊದಲು ಮೂರು ಪ್ರಶ್ನೆ ಕೇಳಿ: ಈ ವರ್ತನೆ ಬದಲಾದರೆ ಮಗುವಿಗೆ ಏನು ಲಾಭ? ಮನೆಯಲ್ಲಿ, ಊರಿನಲ್ಲಿ, ನಮ್ಮ ಭಾಷೆಯಲ್ಲಿ ಇದು ಕೆಲಸಕ್ಕೆ ಬರುತ್ತಾ? ಮಗು "ಬೇಡ" ಅಂದದ್ದನ್ನ ಯಾರಾದರೂ ಬರೆದುಕೊಂಡಿದ್ದಾರಾ?

ಮೂರನೆಯದಕ್ಕೆ ಉತ್ತರ ಬರದಿದ್ದರೆ, ಆ ಹಾಳೆಯಲ್ಲಿರೋದು ನಿಮ್ಮ ಮಗುವಿನ ಲೆಕ್ಕವಲ್ಲ. ದೊಡ್ಡವರ ಅನುಕೂಲದ ಲೆಕ್ಕ.